ಮೇಷ್ಟ್ರ ಮೊಣಕೈ ಹಿಂದಿನ ಹಿಮನದಿ

ಶಿಕ್ಷಣ ತಜ್ಞರಿಗೆ ಹಿಡಿದಿರುವ ಹೊಸ ಹುಚ್ಚು ನಿಮಗೂ ಗೊತ್ತಿರಬೇಕು. ವಿದೇಶ ಸುತ್ತಿ ಬಂದ ಶಿಕ್ಷಕರು ಆ ಅನುಭವವನ್ನು ಪರಿಸರ ಪಾಠಕ್ಕೆ ತರಬೇಕಂತೆ. ಮಕ್ಕಳಲ್ಲಿ ಜಾಗತಿಕ ದೃಷ್ಟಿ ಬೆಳೆಯುತ್ತದಂತೆ.

ಬಹಳ ಸಂತೋಷ. ಪ್ರವಾಸದ ಫೋಟೋ ತೋರಿಸೋಕೆ ಬರುವವರನ್ನು ಕಂಡರೆ ನಾವಾದರೂ ಏನೋ ಕೆಲಸ ಇದೆ ಅಂತ ಎದ್ದು ಹೋಗಬಹುದು. ಮಕ್ಕಳಿಗೆ ಆ ಸೌಲಭ್ಯ ಇಲ್ಲ. ಅಲ್ಲಿ ಹಾಜರಿ ತಗೋತಾರೆ.

ಅಂಥದ್ದೊಂದು ಪಾಠ ಹೇಗಿರುತ್ತೆ ನೋಡಿ. ವಿಷಯ, ಕರಗುತ್ತಿರುವ ಹಿಮನದಿಗಳು. ಮೊದಲ ಸ್ಲೈಡಿನಲ್ಲಿ ವಿಮಾನದ ಕಿಟಕಿ. ಎರಡನೆಯದರಲ್ಲಿ ಅದೇ ಕಿಟಕಿಯಿಂದ ಕಂಡ ರೆಕ್ಕೆ. ಮೂರನೆಯದರಲ್ಲಿ ವಿಮಾನದಲ್ಲಿ ಕೊಟ್ಟ ಊಟ. ಇಷ್ಟಾದ ಮೇಲೆ ಐಸ್‌ಲ್ಯಾಂಡ್.

ಅಲ್ಲಿ ಓಕ್ ಅಂತ ಒಂದು ಹಿಮನದಿ ಇತ್ತು. ತನ್ನ ಭಾರಕ್ಕೆ ತಾನೇ ಜರುಗುವಷ್ಟು ಮಂಜು ಅದರಲ್ಲಿ ಉಳಿದಿಲ್ಲ, ಇನ್ನು ಇದನ್ನು ಹಿಮನದಿ ಅನ್ನೋಕಾಗಲ್ಲ ಅಂತ 2014ರಲ್ಲೇ ತಜ್ಞರು ಕೈಬಿಟ್ಟರು. 2019ರ ಆಗಸ್ಟ್‌ನಲ್ಲಿ ಒಂದಷ್ಟು ಜನ ಬೆಟ್ಟ ಹತ್ತಿ ಹೋಗಿ ಬಂಡೆಯ ಮೇಲೆ ಲೋಹದ ಫಲಕ ಕೂರಿಸಿ ಬಂದರು. ಮುಂದಿನ ಕಾಲದವರಿಗೆ ಬರೆದ ಪತ್ರ ಅದು. ಏನಾಗುತ್ತಿದೆ, ಏನು ಮಾಡಬೇಕು ಅನ್ನೋದು ನಮಗೆ ಗೊತ್ತಿದೆ. ಮಾಡಿದೆವೋ ಇಲ್ಲವೋ ಅನ್ನೋದು ನಿಮಗೆ ಮಾತ್ರ ಗೊತ್ತು ಅಂತ ಅದರಲ್ಲಿದೆ. ಕೊನೆಯಲ್ಲೊಂದು ಅಂಕಿ, 415 ಪಿಪಿಎಂ. ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಕಾರ್ಬನ್ ಡೈಆಕ್ಸೈಡ್‌ನ ಪಾಲು ಅದು.

ಸ್ಲೈಡಿನಲ್ಲಿ ಆ ಅಂಕಿ ಕಾಣಲ್ಲ. ಮೇಷ್ಟ್ರ ಮೊಣಕೈ ಅಡ್ಡ ಬಂದಿದೆ. ಹಲ್ಲು ಕಿಸಿದು, ಹೆಬ್ಬೆರಳು ಎತ್ತಿ ನಿಂತಿದ್ದಾರೆ. ಯಾರದ್ದಾದರೂ ಸಮಾಧಿ ಮುಂದೆ ಹೀಗೆ ನಿಂತಿದ್ದರೆ ಮನೆಯವರು ಅಟ್ಟಾಡಿಸಿಕೊಂಡು ಹೊಡೆಯುತ್ತಿದ್ದರು. ಹಿಮನದಿಗೆ ಮನೆಯವರಿಲ್ಲ ನೋಡಿ.

ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬರುತ್ತೆ. ‘ಸರ್, ನೀವು ಹೋಗಿ ಬಂದ ವಿಮಾನದಿಂದ ಎಷ್ಟು ಕಾರ್ಬನ್ ಆಯ್ತು?’ ಇಡೀ ಪಾಠದಲ್ಲಿ ಪರಿಸರ ವಿಜ್ಞಾನ ಅಂತ ಇದ್ದದ್ದು ಇದೊಂದೇ. ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹೋಗಿ ಬಂದರೆ ತಲೆಗೆ ಹೆಚ್ಚುಕಮ್ಮಿ 1 ಟನ್ ಕಾರ್ಬನ್ ಡೈಆಕ್ಸೈಡ್ ಬೀಳುತ್ತೆ. ದೂರ ಹೇಳಿ, ಸೀಮೆಸುಣ್ಣ ಕೈಗೆ ಕೊಟ್ಟಿದ್ದರೆ ಮಕ್ಕಳೇ ಲೆಕ್ಕ ಹಾಕುತ್ತಿದ್ದರು. ಆದರೆ ಬರುವ ಉತ್ತರ, ‘ಡೌಟ್ಸ್ ಎಲ್ಲಾ ಕೊನೇಲಿ.’ ಕೊನೆ ಅನ್ನೋದು ಬರೋದೇ ಇಲ್ಲ. ಇನ್ನೂ ಪೆಂಗ್ವಿನ್‌ಗಳಿವೆ.

ಪ್ರವಾಸದಿಂದ ಜ್ಞಾನ ಅಂದ ಕೂಡಲೇ ಡಾರ್ವಿನ್‌ನನ್ನು ಎಳೆದು ತರುವವರೂ ಇದ್ದಾರೆ. ತರಲಿ. ಆತ ಗಲಾಪಗೋಸ್ ದ್ವೀಪಗಳಲ್ಲಿದ್ದದ್ದು 1835ರಲ್ಲಿ, ಐದು ವಾರ. ಅಲ್ಲಿ ಹಿಡಿದ ಪುಟ್ಟ ಹಕ್ಕಿಗಳಲ್ಲಿ ಯಾವುದು ಯಾವ ದ್ವೀಪದ್ದು ಅಂತ ಸರಿಯಾಗಿ ಬರೆದುಕೊಳ್ಳಲೇ ಇಲ್ಲ. ಇವೆಲ್ಲ ಫಿಂಚ್ ಜಾತಿಯ ಬೇರೆ ಬೇರೆ ಹಕ್ಕಿಗಳು ಅಂತ ವಿಂಗಡಿಸಿ ಹೇಳಿದ್ದು ಲಂಡನ್‌ನಲ್ಲಿ ಕೂತಿದ್ದ ಪಕ್ಷಿತಜ್ಞ ಜಾನ್ ಗೂಲ್ಡ್. ಆಮೇಲೆ ಡಾರ್ವಿನ್ ಹಡಗಿನಲ್ಲಿದ್ದ ಬೇರೆಯವರ ಸಂಗ್ರಹ ಹುಡುಕಿಕೊಂಡು ಹೋಗಬೇಕಾಯಿತು. 1836ರಲ್ಲಿ ಮನೆ ಸೇರಿದವನು ಮತ್ತೆ ಬ್ರಿಟನ್ ಬಿಟ್ಟು ಹೊರಗೆ ಕಾಲಿಡಲಿಲ್ಲ. ಪಾರಿವಾಳ ಸಾಕಿದ, ಎರೆಹುಳ ನೋಡಿದ, ಊರೂರಿಗೆ ಕಾಗದ ಬರೆದ. ವಿಕಾಸವಾದದ ಪುಸ್ತಕ ಹೊರಬಿದ್ದಾಗ 1859. ನಮ್ಮ ಮೇಷ್ಟ್ರು ಭಾನುವಾರ ರಾತ್ರಿ ಇಳಿದು ಸೋಮವಾರ ಬೆಳಗ್ಗೆಗೆ ಪಿಪಿಟಿ ರೆಡಿ ಮಾಡಿದ್ದಾರೆ. ಯಾರು ಚುರುಕು, ನೀವೇ ಹೇಳಿ.

ಶಿಕ್ಷಕರು ಎಲ್ಲಿಗೂ ಹೋಗಲೇಬಾರದು ಅಂತಲ್ಲ. ಸಮುದ್ರ, ಹವಾಮಾನ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ನೋವಾ 1990ರಿಂದ ಶಿಕ್ಷಕರನ್ನು ಸಂಶೋಧನಾ ಹಡಗಿಗೆ ಹತ್ತಿಸುತ್ತಿದೆ. ಅಲ್ಲಿ ಹೋದವರು ವಿಜ್ಞಾನಿಗಳ ಜೊತೆ ಪಾಳಿಯಲ್ಲಿ ನಿಂತು ಕೆಲಸ ಮಾಡಬೇಕು. ಮೀನು ವಿಂಗಡಿಸಿ, ಅಳೆದು, ತೂಕ ಹಾಕಿ, ಬರೆದಿಡಬೇಕು. ಅಷ್ಟು ಹೊತ್ತು ಮೀನಿನ ವಾಸನೆಯಲ್ಲಿ ನಿಂತವರು ಕ್ಲಾಸಿಗೆ ಬಂದರೆ ಸಮುದ್ರದ ಬಗ್ಗೆ ಮಾತಾಡುತ್ತಾರೆ, ತಮ್ಮ ಬಗ್ಗೆ ಅಲ್ಲ.

ಇನ್ನು ಸಮುದ್ರ ಏರಿ ಮುಳುಗುವ ಭಯದಲ್ಲಿರುವ ಪುಟ್ಟ ದ್ವೀಪ ದೇಶ ಟುವಾಲುವಿನ ಮಂತ್ರಿ ಸೈಮನ್ ಕೋಫೆ. 2021ರ ಗ್ಲಾಸ್ಗೋ ಹವಾಮಾನ ಸಮ್ಮೇಳನಕ್ಕೆ ಅಂತ ಮಾಡಿದ ಅವರ ಭಾಷಣ ನೆನಪಿದೆ ಅಲ್ವಾ? ಸೂಟು ಟೈ ಹಾಕಿ, ಪ್ಯಾಂಟು ಮಡಚಿ, ತಮ್ಮ ದೇಶದ ಸಮುದ್ರದಲ್ಲೇ ಮೊಣಕಾಲುದ್ದ ನೀರಲ್ಲಿ ನಿಂತು ಮಾತಾಡಿದರು. ಜಗತ್ತಿಡೀ ನೋಡಿತು. ಅದನ್ನು ಕ್ಲಾಸಿನಲ್ಲಿ ತೋರಿಸೋಕೆ ಪಾಸ್‌ಪೋರ್ಟ್ ಬೇಡ, ಒಂದು ಮೊಬೈಲ್ ಸಾಕು. ಆದರೆ ಅದರಲ್ಲಿ ನಮ್ಮ ಮುಖ ಬರಲ್ಲವಲ್ಲ, ಅದೇ ತೊಂದರೆ.

ಮೇಷ್ಟ್ರನ್ನು ಬೈದು ಪ್ರಯೋಜನವೂ ಇಲ್ಲ. ಸ್ವಂತ ದುಡ್ಡು ಕೂಡಿಟ್ಟು, ರಜೆ ಹಾಕಿ ಹೋಗಿ ಬಂದವರು ಅವರು. ಅದಕ್ಕೂ ವರದಿ ಕೊಡಿ, ‘ಕಲಿಕಾ ಫಲ’ ಬರೆಯಿರಿ, ಐದು ಫೋಟೋ ಲಗತ್ತಿಸಿ ಅಂತ ಗಂಟು ಬೀಳುವವರಿದ್ದಾರಲ್ಲ, ಅವರನ್ನು ಕೇಳಬೇಕು. ಗ್ಲೋಬಿನ ಬುಡ ಮುರಿದು ವರ್ಷವಾಯಿತು, ಹೊಸದು ಕೊಡಿಸಿ ಅಂದರೆ ಇವರ ಹತ್ತಿರ ದುಡ್ಡಿಲ್ಲ. ವಿದೇಶಕ್ಕೆ ಹೋಗೋಕೆ ಆಗದ, ಆದರೆ ಅದೇ ಮುರಿದ ಗ್ಲೋಬನ್ನು ಕೈಯಲ್ಲಿ ಎತ್ತಿ ಹಿಡಿದು ಋತುಗಳ ಪಾಠ ಮಾಡುವ ಟೀಚರ್‌ಗೆ ಈಗ ‘ಜಾಗತಿಕ ಅನುಭವದ ಕೊರತೆ’ ಅಂತ ಕಡಿಮೆ ಅಂಕ. ನಾಚಿಕೆ ಆಗಬೇಕು. ಹಾಸ್ಯ ಮಾಡಿ ಮಾಡಿ ಸಾಕಾಗಿದೆ.

ಅದೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇರುತ್ತಾಳೆ. ಮಳೆ ಕೈಕೊಟ್ಟು, ಹೊಲ ಬಿಟ್ಟು, ಗಡಿ ದಾಟಿ ಬಂದ ಮನೆಯವಳು. ಬಾವಿಯಲ್ಲಿ ಮೊದಲು ಕೆಸರು ಬಂತು, ಆಮೇಲೆ ಅದೂ ಬರಲಿಲ್ಲ, ದನಗಳನ್ನು ಯಾವ ಕ್ರಮದಲ್ಲಿ ಮಾರಿದರು, ಎಲ್ಲಾ ಹೇಳಬಲ್ಲಳು. ಅಂತರರಾಷ್ಟ್ರೀಯ ಪ್ರವಾಸವೂ ಆಗಿದೆ, ಪರಿಸರದ ಅನುಭವವೂ ಆಗಿದೆ. ಅವಳನ್ನು ಯಾರೂ ಏನೂ ಕೇಳಿಲ್ಲ. ಭಾಷೆಯಲ್ಲಿ ಹಿಂದಿದ್ದಾಳೆ ಅಂತ ಪಕ್ಕದ ಕೋಣೆಯ ವಿಶೇಷ ತರಗತಿಗೆ ಕಳಿಸಿದ್ದಾರೆ. ಅದೂ ಈ ಸ್ಲೈಡ್ ಶೋ ನಡೆಯುವ ಪೀರಿಯಡ್ಡಿನಲ್ಲೇ.