ಉತ್ತರವಿಲ್ಲದ ಕೊಲೆಗೆ ಉತ್ತರ ಹುಟ್ಟಿಸಿದ ಸಿನಿಮಾ

ಮೊನ್ನೆ ರಾತ್ರಿ ‘ದಿ ಬ್ಲ್ಯಾಕ್ ಡಾಲಿಯಾ’ ನೋಡಿದೆ. ಬ್ರಯಾನ್ ಡಿ ಪಾಲ್ಮಾ ನಿರ್ದೇಶಿಸಿದ 2006ರ ಚಿತ್ರ. ಹೊರಗೆ ಬದಿಯಡ್ಕದ ಆಟಿ ಮಳೆ ತೋಟದ ಮೇಲೆ ಹೊಯ್ಯುತ್ತಿತ್ತು, ಕರೆಂಟು ಎರಡು ಸಲ ಹೋಗಿ ಬಂತು. ನೋಡಿ ಮುಗಿಸುವಾಗ ಬೇಸರಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಅದು ಇನ್ನೂ ಇಳಿದಿಲ್ಲ.

ಚಿತ್ರದ ಹಿಂದಿರುವುದು ನಿಜವಾಗಿ ನಡೆದ ಕೊಲೆ. 1947ರ ಜನವರಿ 15ರ ಬೆಳಿಗ್ಗೆ ಲಾಸ್ ಏಂಜಲೀಸ್‌ನ ಲೀಮರ್ಟ್ ಪಾರ್ಕ್‌ನಲ್ಲಿ, ಖಾಲಿ ನಿವೇಶನವೊಂದರ ಹುಲ್ಲಿನ ನಡುವೆ, ಎಲಿಜಬೆತ್ ಶಾರ್ಟ್ ಎಂಬ 22 ವರ್ಷದ ಹೆಣ್ಣುಮಗಳ ಶವ ಸಿಕ್ಕಿತು. ದೇಹವನ್ನು ಸೊಂಟದಲ್ಲಿ ಎರಡಾಗಿ ಕತ್ತರಿಸಲಾಗಿತ್ತು. ಮಗುವಿನೊಂದಿಗೆ ಆ ದಾರಿಯಾಗಿ ಹೋಗುತ್ತಿದ್ದ ಹೆಂಗಸು ಮೊದಲು ಅದನ್ನು ಅಂಗಡಿಯ ಬೊಂಬೆ ಎಂದುಕೊಂಡಿದ್ದರು. ತಾನೇ ಕೊಂದೆ ಎಂದು ಹೇಳಿಕೊಂಡು ಬಂದವರು ಹತ್ತಾರು ಮಂದಿ. ಕೊಂದವರು ಯಾರೆಂದು ಇಂದಿಗೂ ಗೊತ್ತಾಗಿಲ್ಲ.

ಈ ಪ್ರಕರಣದಲ್ಲಿ ನನ್ನನ್ನು ಹಿಡಿದು ಅಲುಗಾಡಿಸಿದ್ದು ಒಂದು ಫೋನ್ ಕರೆ. ‘ಲಾಸ್ ಏಂಜಲೀಸ್ ಎಕ್ಸಾಮಿನರ್’ ಪತ್ರಿಕೆಯವರು ಆಕೆಯ ತಾಯಿಗೆ ಕರೆ ಮಾಡಿ, ನಿಮ್ಮ ಮಗಳು ಸೌಂದರ್ಯ ಸ್ಪರ್ಧೆಯಲ್ಲಿ ಗೆದ್ದಿದ್ದಾಳೆ ಎಂದರು. ತಾಯಿ ಹಿಗ್ಗಿನಿಂದ ಮಗಳ ವಿಚಾರವನ್ನೆಲ್ಲ ಹೇಳಿದರು. ಬೇಕಾದದ್ದನ್ನೆಲ್ಲ ಬರೆದುಕೊಂಡ ಮೇಲೆಯೇ ಅವರಿಗೆ ಸಾವಿನ ಸುದ್ದಿ ತಿಳಿಸಿದ್ದು.

ನಾನು ಕಾಸರಗೋಡಿನಲ್ಲಿ ಕನ್ನಡ ಪತ್ರಿಕೆಯೊಂದಕ್ಕೆ ಹಲವು ವರ್ಷ ಸುದ್ದಿ ಬರೆದವನು. ಹೊಳೆಯಲ್ಲಿ ಹೆಣವಾಗಿ ಸಿಕ್ಕ ಹುಡುಗನೊಬ್ಬನ ಮನೆಗೆ ಫೋಟೊ ಕೇಳಲು ಹೋಗಿದ್ದೆ. ಅವನು ಬಿದ್ದನೋ, ಯಾರಾದರೂ ದೂಡಿದರೋ ಗೊತ್ತಿರಲಿಲ್ಲ. ಅಮ್ಮ ಒಳಗಿನಿಂದ ಶಾಲೆಯ ಗುಂಪು ಫೋಟೊ ತಂದರು. ಗಾಜನ್ನು ಸೆರಗಿನಿಂದ ಒರೆಸಿ, ಎರಡನೇ ಸಾಲಿನಲ್ಲಿ ನಿಂತ ಮಗನ ಮುಖದ ಮೇಲೆ ಬೆರಳಿಟ್ಟರು. “ಇದೊಂದೇ ಇರುವುದು, ಹಾಳು ಮಾಡಬೇಡಿ” ಎಂದು ತುಳುವಿನಲ್ಲಿ ಹೇಳಿದರು. ಮರುದಿನವೇ ಬಸ್ ಹತ್ತಿ ಹೋಗಿ ಹಿಂದಿರುಗಿಸಿದೆ.

ಹಾಗಾಗಿ ಇಂಥ ಸಿನಿಮಾದಲ್ಲಿ ನಾನು ಮೊದಲು ಹುಡುಕುವುದು ಸತ್ತವರನ್ನು. ಇಲ್ಲಿ ಎಲಿಜಬೆತ್ ಇರುವುದು ಕೆಲವೇ ನಿಮಿಷ. ಅವಕಾಶ ಕೇಳಿ ಬಂದ ನಟಿಯಾಗಿ ಕಪ್ಪುಬಿಳುಪಿನ ಪರೀಕ್ಷಾ ಚಿತ್ರಣಗಳಲ್ಲಿ ಮಿಯಾ ಕಿರ್ಶ್‌ನರ್ ನಗಲು ಹೋಗಿ ಸೋಲುತ್ತಾರೆ, ಮತ್ತೆ ನಗುತ್ತಾರೆ. ಇಡೀ ಚಿತ್ರದಲ್ಲಿ ಜೀವವಿರುವುದು ಅಲ್ಲಿ ಮಾತ್ರ. ಉಳಿದ ಹೊತ್ತೆಲ್ಲ ಇಬ್ಬರು ಪೊಲೀಸರ ಬಾಕ್ಸಿಂಗು, ಅವರ ನಡುವೆ ಒಬ್ಬಳು, ಶ್ರೀಮಂತರ ಬಂಗಲೆ.

ಕ್ಯಾಮೆರಾ ಕೆಲಸ ಚೆನ್ನಾಗಿಲ್ಲವೆಂದು ಹೇಳಲಾರೆ. ವಿಲ್ಮೋಸ್ ಸಿಗ್ಮಂಡ್ ಅವರಿಗೆ ಇದಕ್ಕಾಗಿ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತ್ತು. ಕ್ಯಾಮೆರಾ ಕಟ್ಟಡದ ಮೇಲೇರಿ, ಹಿಂದಿನ ಬಯಲಿನಲ್ಲಿ ಹೆಂಗಸೊಬ್ಬಳು ಕಿರುಚುತ್ತ ಓಡುವುದನ್ನು ದೂರದಿಂದ ತೋರಿಸುತ್ತದೆ. ಆದರೆ ಅಲ್ಲಿ ನಿಲ್ಲದೆ ಈಚೆ ಬೀದಿಯ ಗುಂಡಿನ ಕಾಳಗಕ್ಕೆ ಮರಳುತ್ತದೆ. ಚಿತ್ರದ ಮನಸ್ಸೂ ಹಾಗೆಯೇ, ಆ ಬಯಲಿನಲ್ಲಿ ನಿಲ್ಲುವುದೇ ಇಲ್ಲ.

ಕೊನೆಗೆ ಬಂಗಲೆಯ ಯಜಮಾನಿ ಎಲ್ಲವನ್ನೂ ಒಪ್ಪಿಕೊಂಡು ತನಗೆ ತಾನೇ ಗುಂಡು ಹಾರಿಸಿಕೊಳ್ಳುತ್ತಾಳೆ. ಮೂಲ ಕಾದಂಬರಿಯೂ ಕೊಲೆಗಾರರನ್ನು ಕಲ್ಪಿಸಿದೆ, ನಿಜ. ಆದರೆ ಅದನ್ನು ಬರೆದ ಜೇಮ್ಸ್ ಎಲ್ರಾಯ್ ಅವರ ತಾಯಿ 1958ರಲ್ಲಿ ಕೊಲೆಯಾದವರು, ಆ ಕೊಲೆಗೂ ಉತ್ತರ ಸಿಕ್ಕಿಲ್ಲ. ಪುಸ್ತಕವನ್ನು ಅವರು ತಾಯಿಗೇ ಅರ್ಪಿಸಿದ್ದಾರೆ. ಹತ್ತು ವರ್ಷಕ್ಕೆ ತಾಯಿಯನ್ನು ಕಳೆದುಕೊಂಡವನು ಉತ್ತರವೊಂದನ್ನು ಕಲ್ಪಿಸಿಕೊಂಡರೆ ಅದರ ಹಿಂದಿನ ಸಂಕಟ ಅರ್ಥವಾಗುತ್ತದೆ. ಸಿನಿಮಾದಲ್ಲಿ ಆ ಸಂಕಟದ ಸುಳಿವಿಲ್ಲ, ನಾಟಕದ ಕೊನೆಯ ಅಂಕದ ಅಬ್ಬರ ಮಾತ್ರ ಇದೆ.

ಕೊರಿಯಾದ ಬಾಂಗ್ ಜೂನ್-ಹೋ 2003ರಲ್ಲಿ ‘ಮೆಮೊರೀಸ್ ಆಫ್ ಮರ್ಡರ್’ ಮಾಡಿದಾಗ, ಅದಕ್ಕೆ ಆಧಾರವಾದ ನಿಜವಾದ ಸರಣಿ ಕೊಲೆಗಳಿಗೂ ಉತ್ತರ ಸಿಕ್ಕಿರಲಿಲ್ಲ. ಅವರು ಯಾರ ಹೆಸರನ್ನೂ ಹೇಳಲಿಲ್ಲ. ಪೊಲೀಸನಾಗಿದ್ದವನು ಕೊನೆಯಲ್ಲಿ ನೇರವಾಗಿ ನಮ್ಮ ಕಣ್ಣನ್ನೇ ನೋಡುತ್ತಾನೆ, ಅಷ್ಟೇ. ಡಿಎನ್‌ಎ ಪರೀಕ್ಷೆಯಿಂದ ಅಪರಾಧಿ ಗೊತ್ತಾದದ್ದು 2019ರಲ್ಲಿ.

ಫೋಟೊ ಕೊಟ್ಟ ಆ ಅಮ್ಮ ಈಗಲೂ ಬದಿಯಡ್ಕ ಪೇಟೆಯಲ್ಲಿ ಒಮ್ಮೊಮ್ಮೆ ಸಿಗುತ್ತಾರೆ. ನಾನು ಪತ್ರಿಕೆ ಬಿಟ್ಟದ್ದು ಅವರಿಗೆ ಗೊತ್ತು. ಆದರೂ ತರಕಾರಿ ಚೀಲವನ್ನು ಕೆಳಗಿಟ್ಟು, ಏನಾದರೂ ತಿಳಿಯಿತೇ ಎಂದು ಕೇಳುತ್ತಾರೆ.