ಹಸಿರು ಟಿಕ್ ಬಂತು, ಆಮೇಲೆ?

ಡೇಟಾ ಇಂಟಿಗ್ರೇಷನ್, ಅಂದರೆ ಒಂದು ಸಿಸ್ಟಮ್‌ನ ಡೇಟಾವನ್ನು ಇನ್ನೊಂದಕ್ಕೆ ತರುವ ಕೆಲಸ ಮಾಡುವವರಿಗೆ ಒಂದು ಬಟನ್ ಮೇಲೆ ವಿಪರೀತ ನಂಬಿಕೆ. ಅದೇ ಟೆಸ್ಟ್ ಕನೆಕ್ಷನ್. ವೆಬ್ ಸರ್ವಿಸ್‌ನ ವಿಳಾಸ ಹಾಕುತ್ತೇವೆ, ಯೂಸರ್‌ನೇಮ್, ಪಾಸ್‌ವರ್ಡ್ ತುಂಬುತ್ತೇವೆ, ಬಟನ್ ಒತ್ತುತ್ತೇವೆ. ಹಸಿರು ಟಿಕ್ ಬಂದರೆ ಕೆಲಸ ಮುಗೀತು ಅಂತ ಎದ್ದು ಹೋಗುತ್ತೇವೆ. ನಾನೂ ವರ್ಷಗಟ್ಟಲೆ ಹೀಗೇ ಮಾಡಿದವನು. ಈಗ ಆ ಟಿಕ್ ಕಂಡರೆ ಅನುಮಾನ ಶುರುವಾಗುತ್ತದೆ.

ಯಾಕೆ ಅಂತ ಹೇಳ್ತೀನಿ. ಆರ್ಡರ್‌ಗಳ ಡೇಟಾ ಎಳೆಯುವ ಒಂದು ಜಾಬ್ (ತಾನಾಗಿ ಓಡುವ ಪ್ರೋಗ್ರಾಂ) ಕಟ್ಟಿದ್ದೆ. ಆ ಕಡೆಯ ಸರ್ವಿಸ್ ಓಆತ್ 2.0 (ಟೋಕನ್ ಕೊಟ್ಟು ಒಳಗೆ ಬಿಡುವ ಪದ್ಧತಿ) ಕೇಳುತ್ತಿತ್ತು. ಕ್ಲೈಂಟ್ ಐಡಿ, ಸೀಕ್ರೆಟ್ (ಜಾಬ್‌ನ ಯೂಸರ್‌ನೇಮ್, ಪಾಸ್‌ವರ್ಡ್ ಇದ್ದ ಹಾಗೆ) ಕೊಟ್ಟರೆ ತಾತ್ಕಾಲಿಕ ಪಾಸ್ ಥರದ ಒಂದು ಟೋಕನ್ ಸಿಗುತ್ತದೆ, ಅದರ ಆಯಸ್ಸು 3600 ಸೆಕೆಂಡ್. ಜಾಬ್ ಶುರುವಾಗುವಾಗ ಒಂದು ಸಲ ಟೋಕನ್ ತಂದು ವೇರಿಯಬಲ್‌ನಲ್ಲಿ ಇಟ್ಟುಕೊಂಡೆ. ಆಮೇಲೆ ಡೇಟಾದ ಪ್ರತಿ ಪೇಜ್ (ಕಂತು) ತರುವಾಗಲೂ ಅದನ್ನೇ ಹೆಡರ್‌ನಲ್ಲಿ ಕಳಿಸಿದೆ. ಟೆಸ್ಟ್ ಮಾಡಿದ್ದು ಎರಡು ದಿನದ ಡೇಟಾದ ಮೇಲೆ. ನಾಲ್ಕೇ ನಿಮಿಷದಲ್ಲಿ ಮುಗಿಯಿತು.

ತಿಂಗಳ ಕೊನೆಗೆ ಪೂರ್ತಿ ಲೋಡ್ ಓಡಿತು. ಒಂದು ಗಂಟೆ ದಾಟಿತು. ಟೋಕನ್ ಸತ್ತಿತು. ಸರ್ವಿಸ್ 401 ಕೊಟ್ಟಿತು, ಅಂದರೆ ಗುರುತು ಒಪ್ಪಲಿಲ್ಲ ಅನ್ನುವ ಎರರ್ ಕೋಡ್. ಜಾಬ್ ಅಲ್ಲೇ ಬಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಆದರೆ ಬಂದ ಉತ್ತರದಲ್ಲಿ ರೆಕಾರ್ಡ್ ಇಲ್ಲದಿದ್ದರೆ ಲೂಪ್ ನಿಲ್ಲಿಸು ಅಂತ ನಾನೇ ಬರೆದಿದ್ದೆ. ಕೊನೆಯ ಪೇಜ್ ಹಾಗೆ ತಾನೇ ಗೊತ್ತಾಗೋದು? 401ರ ಉತ್ತರದಲ್ಲಿ ರೆಕಾರ್ಡ್ ಎಲ್ಲಿಂದ ಬರಬೇಕು! ಲೂಪ್ ನಿಂತಿತು, ಜಾಬ್ ಸಕ್ಸಸ್ ಅಂತ ತೋರಿಸಿತು. ರಿಪೋರ್ಟ್‌ನ ಮೊತ್ತ ಯಾಕೋ ಕಮ್ಮಿ ಇದೆ ಅಂತ ಲೆಕ್ಕ ನೋಡುವವರು ಫೋನ್ ಮಾಡುವ ತನಕ ನನಗೆ ಸುಳಿವೇ ಇರಲಿಲ್ಲ. ಅಷ್ಟೂ ದಿನ ಕನೆಕ್ಷನ್ ಪರದೆಯಲ್ಲಿ ಹಸಿರು ಟಿಕ್ ಹಾಯಾಗಿ ಕೂತಿತ್ತು.

ಟಿಕ್ ಸುಳ್ಳು ಹೇಳಲಿಲ್ಲ, ನಿಜ. ಈ ಕ್ಷಣ, ಈ ಅಕೌಂಟ್‌ಗೆ ಬಾಗಿಲು ತೆರೆಯಿತು ಅಂತ ಹೇಳಿತು, ಅಷ್ಟೆ. ಉಳಿದದ್ದನ್ನೆಲ್ಲ ನಾವು ಊಹಿಸಿಕೊಂಡೆವು.

ಈಗ ನಾನು ಪ್ರತಿ ಕಾಲ್‌ಗೂ ಮೊದಲು ಟೋಕನ್‌ನ ಆಯಸ್ಸು ಎಷ್ಟು ಉಳಿದಿದೆ ನೋಡುತ್ತೇನೆ. ಐದು ನಿಮಿಷಕ್ಕಿಂತ ಕಮ್ಮಿ ಇದ್ದರೆ ಹೊಸದು. ಆದರೂ 401 ಬಂದರೆ ಇನ್ನೊಂದು ಟೋಕನ್ ತಂದು ಒಂದೇ ಒಂದು ಸಲ ಮತ್ತೆ ಪ್ರಯತ್ನ, ಆಮೇಲೆ ಜಾಬ್ ಕೆಂಪಾಗಲೇಬೇಕು. ಈ ಬಗೆಯ ಓಆತ್‌ನಲ್ಲಿ ರಿಫ್ರೆಶ್ ಟೋಕನ್ (ಹೊಸ ಟೋಕನ್ ಪಡೆಯೋಕೆ ಕೊಡುವ ಇನ್ನೊಂದು ಟೋಕನ್) ಎಲ್ಲಿ ಅಂತ ಹುಡುಕುತ್ತಾ ಒಂದು ದಿನ ಕಳೆದವರನ್ನು ನೋಡಿದ್ದೇನೆ. ಸಾಮಾನ್ಯವಾಗಿ ಕೊಡುವುದೇ ಇಲ್ಲ. ಕೊಡಬಾರದು ಅಂತಲೇ 2012ರಲ್ಲಿ ಬಂದ ಓಆತ್ 2.0ರ ನಿಯಮದಲ್ಲಿದೆ. ಐಡಿ, ಸೀಕ್ರೆಟ್ ಕೈಯಲ್ಲೇ ಇರುವಾಗ ಸುಮ್ನೆ ಹೊಸ ಟೋಕನ್ ಕೇಳಿದರಾಯಿತು.

401 ಮತ್ತು 403ರ ಗೊಂದಲ ಬೇರೆ. 401 ಅಂದರೆ ನೀನು ಯಾರೋ ಗೊತ್ತಾಗಲಿಲ್ಲ ಅಂತ. 403 ಅಂದರೆ ನೀನು ಯಾರು ಅಂತ ಗೊತ್ತು, ಆದರೆ ಒಳಗೆ ಬಿಡಲ್ಲ ಅಂತ. 403 ಬಂದಾಗ ಪಾಸ್‌ವರ್ಡ್ ಬದಲಾಯಿಸುತ್ತಾ ಕೂರುವುದು ದಂಡ. ಪರ್ಮಿಷನ್ ಕೊಡಿಸಿಕೊಳ್ಳಬೇಕು. ತಮಾಷೆ ಅಂದರೆ 401ಕ್ಕೆ ಇಟ್ಟಿರುವ ಹೆಸರೇ 'ಅನ್‌ಆಥರೈಸ್ಡ್', ಅಂದರೆ ಅನುಮತಿ ಇಲ್ಲ ಅಂತ. ಗೊಂದಲ ಹೆಸರಿಟ್ಟವರಿಂದಲೇ ಶುರು.

ಬೇಸಿಕ್ ಆಥೆಂಟಿಕೇಷನ್ ಬಗ್ಗೆ ಜಾಸ್ತಿ ಹೇಳಲ್ಲ. ಅದರಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಬೇಸ್64 ಅನ್ನುವ ರೂಪದಲ್ಲಿ ಹೋಗುತ್ತವೆ. ಅದು ಗುಪ್ತಲಿಪಿ ಅಲ್ಲ, ಯಾರು ಬೇಕಾದರೂ ಬಿಡಿಸಿ ಓದಬಹುದು. ಎಚ್‌ಟಿಟಿಪಿಎಸ್ (ಗುಪ್ತಲಿಪಿಯಲ್ಲಿ ಸಾಗುವ ಸಂಪರ್ಕ) ಇಲ್ಲದ ಕಡೆ ಬೇಸಿಕ್ ಬಳಸಬೇಡಿ.

ನನಗೆ ನಿಜವಾಗಿ ಸಿಟ್ಟು ಬರುವುದು ಎರಡು ವಿಷಯಕ್ಕೆ. ಮೊದಲನೆಯದು, ಕನೆಕ್ಷನ್‌ಗೆ ಸ್ವಂತ ಅಕೌಂಟ್ ಹಾಕುವುದು. ಟಿಕ್ ಬೇಗ ಬರುತ್ತದೆ ಅಂತ ಎಲ್ಲರೂ ಮಾಡುತ್ತಾರೆ. ಆಮೇಲೆ ಆ ಮನುಷ್ಯ ಪಾಸ್‌ವರ್ಡ್ ಬದಲಾಯಿಸುತ್ತಾನೆ. ರಾತ್ರಿ ಐದು ಜಾಬ್‌ಗಳು ಹಳೆಯ ಪಾಸ್‌ವರ್ಡ್ ಹಿಡಿದು ಮೂರು ಮೂರು ಸಲ ಬಾಗಿಲು ಬಡಿಯುತ್ತವೆ. ಬೆಳಿಗ್ಗೆ ನೋಡಿದರೆ ಅವನ ಅಕೌಂಟೇ ಲಾಕ್. ಸರ್ವಿಸ್ ಅಕೌಂಟ್ (ವ್ಯಕ್ತಿಗಲ್ಲ, ಜಾಬ್‌ಗೇ ಇರುವ ಅಕೌಂಟ್) ಕೇಳಿ ಪಡೆಯೋಕೆ ಒಂದು ವಾರ ಹಿಡಿದರೂ ಕಾಯಿರಿ.

ಎರಡನೆಯದು ಸರ್ಟಿಫಿಕೇಟ್, ಅಂದರೆ ಸರ್ವರ್‌ನ ಗುರುತಿನ ಚೀಟಿ. ಬ್ರೌಸರ್‌ನಲ್ಲಿ ತೆರೆಯುತ್ತೆ, ಟೂಲ್‌ನಲ್ಲಿ ಮಾತ್ರ ಎರರ್ ಬರುತ್ತೆ ಅನ್ನುವ ಗೋಳು ಕೇಳಿರುತ್ತೀರಿ. ಜಾವಾ ಮೇಲೆ ಕಟ್ಟಿದ ಟೂಲ್‌ಗಳು ಸಾಮಾನ್ಯವಾಗಿ ಯಾರನ್ನು ನಂಬಬೇಕು ಅನ್ನುವ ಕಂಪ್ಯೂಟರಿನ ಪಟ್ಟಿಯನ್ನು ನೋಡದೆ ತಮ್ಮದೇ ಪಟ್ಟಿ, ಅಂದರೆ ಟ್ರಸ್ಟ್‌ಸ್ಟೋರ್ ನೋಡುತ್ತವೆ. ಕೆಲವು ಸಲ ಸರ್ವರ್ ತನ್ನದನ್ನು ಮೂಲದ (ರೂಟ್) ಸರ್ಟಿಫಿಕೇಟ್‌ಗೆ ಜೋಡಿಸುವ ಮಧ್ಯದ ಸರ್ಟಿಫಿಕೇಟನ್ನೇ ಕಳಿಸಿರುವುದಿಲ್ಲ, ಬ್ರೌಸರ್ ಹೇಗೋ ಹೊಂದಿಸಿಕೊಂಡಿರುತ್ತದೆ. ಇದನ್ನು ಹುಡುಕುವ ಬದಲು ನಮ್ಮವರು ಸರ್ಟಿಫಿಕೇಟ್ ಪರೀಕ್ಷೆಯನ್ನೇ ಆಫ್ ಮಾಡುತ್ತಾರೆ. ಟಿಕ್ ಬರುತ್ತದೆ! ಆ ತುದಿಯಲ್ಲಿ ಇರುವವರು ಯಾರು ಅಂತ ಕೇಳದೆ ಪಾಸ್‌ವರ್ಡ್ ಒಪ್ಪಿಸಿದ ಹಾಗೆ ಅಲ್ವಾ?

ಇನ್ನು ಕೆಲವರು ಆ ಸರ್ವರ್‌ನದೇ ಸರ್ಟಿಫಿಕೇಟ್ ತಂದು ಟ್ರಸ್ಟ್‌ಸ್ಟೋರ್‌ಗೆ ಸೇರಿಸುತ್ತಾರೆ. ಅದು ಬದಲಾದ ದಿನ ಜಾಬ್ ಸಾಯುತ್ತದೆ. 2020ರಿಂದ ಇಂಥ ಸರ್ಟಿಫಿಕೇಟ್‌ಗಳ ಗರಿಷ್ಠ ಆಯಸ್ಸು 398 ದಿನ ಇತ್ತು. 2026ರ ಮಾರ್ಚ್‌ನಿಂದ ಹೊಸದಕ್ಕೆ 200 ದಿನ, 2029ಕ್ಕೆ 47 ದಿನ ಅಂತ ನಿಯಮವಾಗಿದೆ. ಅಂದರೆ ವರ್ಷಕ್ಕೊಮ್ಮೆ ಬರುತ್ತಿದ್ದ ತಲೆನೋವು ಒಂದೂವರೆ ತಿಂಗಳಿಗೊಮ್ಮೆ ಬರುತ್ತದೆ. ಅದರ ಬದಲು ಅದನ್ನು ಕೊಟ್ಟ ಸಂಸ್ಥೆಯ ರೂಟ್ ಸರ್ಟಿಫಿಕೇಟ್ ಸೇರಿಸಿ, ಅದು ವರ್ಷಗಟ್ಟಲೆ ಇರುತ್ತದೆ.

ಸೋಪ್ (ಎಕ್ಸ್‌ಎಂಎಲ್ ಮೆಸೇಜ್ ಕಳಿಸುವ ಹಳೆಯ ಪದ್ಧತಿ) ಸರ್ವಿಸ್‌ಗಳ ಜೊತೆ ಏಗುವವರಿಗೆ ಒಂದೇ ಮಾತು: ಪಾಸ್‌ವರ್ಡ್ ಸರಿ ಇದ್ದೂ ಒಳಗೆ ಬಿಡದಿದ್ದರೆ ನಿಮ್ಮ ಜಾಬ್ ಓಡುವ ಸರ್ವರ್‌ನ ಗಡಿಯಾರ ನೋಡಿ. ಮೆಸೇಜ್‌ನಲ್ಲಿರುವ ಟೈಮ್‌ಸ್ಟಾಂಪ್ ಕೆಲವೇ ನಿಮಿಷ ಆಚೀಚೆ ಆದರೂ ತಿರಸ್ಕರಿಸುತ್ತಾರೆ.

ಈಗೀಗ ನಾನು ಉಲ್ಟಾ ಟೆಸ್ಟ್ ಮಾಡುತ್ತೇನೆ. ಟೆಸ್ಟ್ ಪರಿಸರದಲ್ಲಿ ಬೇಕಂತಲೇ ತಪ್ಪು ಸೀಕ್ರೆಟ್ ಹಾಕಿ ಜಾಬ್ ಓಡಿಸುತ್ತೇನೆ. ಅದು ಕೆಂಪಾದರೆ ಮಾತ್ರ ಪ್ರೊಡಕ್ಷನ್‌ಗೆ. ಕಳೆದ ವಾರ ನನ್ನವೇ ಹಳೆಯ ಆರು ಜಾಬ್‌ಗಳನ್ನು ಹೀಗೆ ಓಡಿಸಿದೆ. ನಾಲ್ಕು ಕೆಂಪಾದವು. ಎರಡು ಒಂದೇ ಒಂದು ರೆಕಾರ್ಡ್ ತರದೆ ಸಕ್ಸಸ್ ಅಂದವು. ಈ ವಾರ ಅವನ್ನೇ ಬಿಚ್ಚಿಕೊಂಡು ಕೂತಿದ್ದೇನೆ.