ಕಿರ್ಟ್‌ಲೆಂಡ್ ವಾರ್ಬ್ಲರ್: ಹಳೆಯ ಪೈನ್ ಕಾಡಿನ ಹಕ್ಕಿಯಲ್ಲ

‘ಕಿರ್ಟ್‌ಲೆಂಡ್ ವಾರ್ಬ್ಲರ್ ಹಕ್ಕಿ ಅಮೆರಿಕದ ಮಿಶಿಗನ್‌ನ ಹಳೆಯ ಪೈನ್ ಮರಗಳ ತುದಿಯಲ್ಲಿ ಗೂಡು ಕಟ್ಟುತ್ತದೆ, ಅಲ್ಲಿ ಮರ ಕಡಿದರೆ ಸಂತತಿ ನಾಶ’ ಎಂಬ ಸಂದೇಶ ಹರಿದಾಡುತ್ತಿದೆ. ಇದರಲ್ಲಿ ಮಿಶಿಗನ್ ಎಂಬ ಹೆಸರಷ್ಟೇ ಸರಿ, ಅದೂ ಅರ್ಧ.

ಈ ಹಕ್ಕಿ ಗೂಡು ಕಟ್ಟುವುದು ನೆಲದ ಮೇಲೆ, ಎಳೆಯ ಜಾಕ್ ಪೈನ್ ಗಿಡಗಳ ಬುಡದಲ್ಲಿ. ಗಿಡಕ್ಕೆ ಸುಮಾರು 5ರಿಂದ 20 ವರ್ಷ ಆಗಿರಬೇಕು. ನೀರು ನಿಲ್ಲದ ಮರಳು ಮಣ್ಣು ಬೇಕು. ನೆಲಕ್ಕೆ ತಾಗುವಂತಿರುವ ಹಸಿರು ಕೊಂಬೆಗಳೇ ಗೂಡಿಗೆ ಮರೆ. ಮರ ಬೆಳೆದಂತೆ ನೆರಳು ಬಿದ್ದು ಕೆಳಗಿನ ಕೊಂಬೆ ಒಣಗುತ್ತದೆ, ಮರೆ ಹೋಗುತ್ತದೆ, ಹಕ್ಕಿ ಜಾಗ ಬಿಡುತ್ತದೆ. ಜಾಕ್ ಪೈನ್ ಕಾಯಿಗಳು ಹೆಚ್ಚಾಗಿ ಬೆಂಕಿಯ ಕಾವಿಗೇ ಬಿರಿಯುವುದು. ಕಾಳ್ಗಿಚ್ಚು ತಡೆದಾಗ ಹೊಸ ಗಿಡ ಹುಟ್ಟದೆ ಹಕ್ಕಿ ಸೊರಗಿತು. ಹಾಗಾಗಿ ಅಲ್ಲಿ ಹಳೆಯ ತೋಪನ್ನು ಸರದಿಯಂತೆ ಕಡಿದು, ನಡುನಡುವೆ ಬಯಲು ಬಿಟ್ಟು ಸಸಿ ನೆಡುತ್ತಾರೆ. ಕಡಿಯುವುದೇ ಇಲ್ಲಿ ಸಂರಕ್ಷಣೆ!

1987ರಲ್ಲಿ ಎಣಿಕೆಗೆ ಸಿಕ್ಕ ಹಾಡುವ ಗಂಡುಗಳು ಬರೀ 167. 2019ರಲ್ಲಿ ಅಮೆರಿಕ ಇದನ್ನು ಅಳಿವಿನಂಚಿನ ಪಟ್ಟಿಯಿಂದ ಕೈಬಿಟ್ಟಿತು. ಮಿಶಿಗನ್ ಮುಖ್ಯ ನೆಲೆ ಹೌದು, ಆದರೆ ವಿಸ್ಕಾನ್ಸಿನ್ ಮತ್ತು ಕೆನಡಾದ ಒಂಟಾರಿಯೊದಲ್ಲೂ ಮರಿ ಮಾಡುತ್ತದೆ. ಚಳಿಗಾಲಕ್ಕೆ ಬಹಾಮಾಸ್ ದ್ವೀಪಗಳಿಗೆ ವಲಸೆ.